ನೈಲ್ ದಂಡೆಯ ಗುಡಿಗಳು ಮತ್ತು ಹಿಂದಿನ ಗೋಡೆಯ ಕಿವಿಗಳು



ಪೋಸ್ಟ್ ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದರೆ ಪೂರ್ತಿ ಓದಿ.

ನೈಲ್ ನದಿಯ ಹಡಗಲ್ಲಿ ನಿಂತ ಫೋಟೋ ಹಾಕಿದಾಗಿನಿಂದ ಎರಡು ಥರದ ಕಾಮೆಂಟ್ ಬರ್ತಿವೆ. ಒಂದು, "ಹೋರಾಟದವರು ಕ್ರೂಸ್ ಹತ್ತಿಬಿಟ್ರು". ಅದಕ್ಕೆ ಉತ್ತರ ಚಿಕ್ಕದು. ನಮ್ಮಪ್ಪ ಊರ ಮೇಲಿನ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಅವರ ಮಗ ತಾನು ದುಡಿದ ದುಡ್ಡಲ್ಲಿ ನಾಲ್ಕು ರಾತ್ರಿ ಹಡಗಲ್ಲಿ ಮಲಗಿದರೆ ಅದರ ಲೆಕ್ಕ ಯಾರಿಗೂ ಕೊಡಬೇಕಾಗಿಲ್ಲ.

ಎರಡನೆಯದು ಉತ್ತರ ಕೊಡಬೇಕಾದ ಪ್ರಶ್ನೆ. "ಸಾರ್, ಈಜಿಪ್ಟ್‌ನಲ್ಲೂ ಪೂಜಾರಿ, ಸೈನಿಕ, ಕುಶಲಕರ್ಮಿ, ಗುಲಾಮ ಅಂತ ಮೇಲು ಕೀಳು ಇತ್ತಲ್ಲ? ಜಾತಿ ಎಲ್ಲ ದೇಶದಲ್ಲೂ ಇತ್ತು. ನಮ್ಮನ್ನಷ್ಟೇ ಯಾಕೆ ಬೈತೀರಿ?" ನಮ್ಮ ಹಡಗಿನಲ್ಲಿದ್ದ ಬೆಂಗಳೂರಿನ ಹಿರಿಯರೊಬ್ಬರು ಊಟದ ಮೇಜಿನಲ್ಲಿ ಇದನ್ನೇ ಕೇಳಿದ್ದರು. ಅವರಿಗೆ ಅಲ್ಲಿ ಅರ್ಧ ಹೇಳಿದ್ದೆ. ಪೂರ್ತಿ ಇಲ್ಲಿ ಬರೀತಿದೀನಿ.

ಮೊದಲು ದಾರಿ ತಿಳ್ಕೊಳ್ಳಿ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ನದಿ. ಲಕ್ಸರ್‌ನಿಂದ ಅಸ್ವಾನ್‌ಗೆ ಹೋಗೋದು ಅಂದ್ರೆ ಹರಿವಿಗೆ ಎದುರಾಗಿ ಹೋಗೋದು. ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಮಧ್ಯದಲ್ಲಿ ಎಸ್ನಾ, ಎಡ್ಫು, ಕೋಮ್ ಓಂಬೋ. ಇಂಗ್ಲೆಂಡಿನ ಥಾಮಸ್ ಕುಕ್ 1869ರಲ್ಲಿ ಪ್ರವಾಸಿಗಳ ಗುಂಪು ಕರ್ಕೊಂಡು ಬಂದಾಗಿನಿಂದ ಇದು ದೊಡ್ಡ ವ್ಯಾಪಾರ. ಗಾಳಿ ಬೀಸದ ದಿನ ಹಾಯಿದೋಣಿಯನ್ನು ದಡದ ಮೇಲಿಂದ ಹಗ್ಗ ಕಟ್ಟಿ ಮನುಷ್ಯರೇ ಎಳೀತಿದ್ರು. ಆ ಕಾಲದ ಬಿಳಿಯರು ಬರೆದ ಪ್ರವಾಸ ಕಥನಗಳಲ್ಲಿ ಗೋಪುರದ ವರ್ಣನೆ ಪುಟಗಟ್ಟಲೆ ಇರುತ್ತೆ. ಹಗ್ಗ ಎಳೆದವರ ಹೆಸರು ಹುಡುಕಿದರೂ ಸಿಗೋದು ಕಷ್ಟ.

ಗೈಡ್ ಒಬ್ಬ ಒಳ್ಳೆಯ ಹುಡುಗ. ಮೊದಲ ದಿನವೇ ಹೇಳಿದ: "ಪಿರಮಿಡ್ಡನ್ನು ಗುಲಾಮರು ಕಟ್ಟಲಿಲ್ಲ. ನಮ್ಮ ಜನ ಕಟ್ಟಿದರು." ಅವನ ಹೆಮ್ಮೆಗೆ ಆಧಾರ ಇದೆ. 1990ರಲ್ಲಿ ಗಿಜಾ ಹತ್ತಿರ ಕೆಲಸಗಾರರ ಸಮಾಧಿಗಳು ಸಿಕ್ಕವು. ಆ ಮೂಳೆಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಗಳಿವೆ, ಮುರಿದು ಮತ್ತೆ ಕೂಡಿಕೊಂಡ ಕೈಗಳಿವೆ. ಅಂದ್ರೆ ಯಾರೋ ಕಟ್ಟು ಕಟ್ಟಿ ಆರೈಕೆ ಮಾಡಿದ್ದಾರೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಮೆರರ್ ಅನ್ನೋ ಮೇಸ್ತ್ರಿಯ ದಿನಚರಿ ಅದು. ಸುಮಾರು ನಲವತ್ತು ಜನರ ತಂಡ ಕಟ್ಟಿಕೊಂಡು ತುರಾದ ಸುಣ್ಣಕಲ್ಲನ್ನು ದೋಣಿಯಲ್ಲಿ ಗಿಜಾಗೆ ಸಾಗಿಸಿದ ಲೆಕ್ಕ ಅದರಲ್ಲಿದೆ. ಯಾವ ದಿನ ಕಲ್ಲು ತುಂಬಿದರು, ಯಾವ ರಾತ್ರಿ ಎಲ್ಲಿ ಮಲಗಿದರು ಅಂತ ನಾಲ್ಕೂವರೆ ಸಾವಿರ ವರ್ಷದ ಹಿಂದೆ ಬರೆದಿಟ್ಟಿದ್ದಾರೆ.

ಆದರೆ "ಗುಲಾಮರಲ್ಲ" ಅಂದ ಮಾತ್ರಕ್ಕೆ ಬಿಟ್ಟಿ ಚಾಕರಿ ಇರಲಿಲ್ಲ ಅಂತ ಅಲ್ಲ. ಪಿರಮಿಡ್ ಆದಮೇಲೆ ಕೆಲವು ಶತಮಾನಕ್ಕೆ ಸೇರಿದ ಒಂದು ಪಪೈರಸ್ ಈಗ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಸರ್ಕಾರಿ ಬಿಟ್ಟಿ ಕೆಲಸದಿಂದ ಓಡಿಹೋದವರ ಪಟ್ಟಿ ಅದು. ಓಡಿಹೋದವನು ಬರುವ ತನಕ ಅವನ ಮನೆಯವರನ್ನು ಸೆರೆಯಲ್ಲಿಡೋರು. ಇನ್ನು ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿ ರೇಖ್ಮಿರೆ ಅನ್ನೋ ಮಂತ್ರಿಯ ಸಮಾಧಿಗೆ ಹೋಗಿ ನೋಡಿ. ಗೋಡೆ ಮೇಲೆ ಮಣ್ಣು ಕಲಸಿ ಇಟ್ಟಿಗೆ ಹೊಯ್ಯುವವರ ಚಿತ್ರ ಇದೆ. ಇವರು ಯುದ್ಧದಲ್ಲಿ ಹಿಡಿದು ತಂದ ಸೆರೆಯಾಳುಗಳು, ಅಮುನ್ ದೇವರ ಗುಡಿಗೆ ಇಟ್ಟಿಗೆ ಮಾಡ್ತಿದ್ದಾರೆ ಅಂತ ಪಕ್ಕದಲ್ಲೇ ಬರೆದಿದೆ.

ಅದೇ ಸಮಾಧಿಯಲ್ಲಿ ನಾನು ಜಾಸ್ತಿ ಹೊತ್ತು ನಿಂತಿದ್ದು ಚರ್ಮ ಕೆಲಸದವರ ಮುಂದೆ. ಒಬ್ಬ ತೊಗಲು ನೆನೆಸ್ತಿದ್ದಾನೆ, ಒಬ್ಬ ಎಳೆದು ಹದ ಮಾಡ್ತಿದ್ದಾನೆ, ಇನ್ನೊಬ್ಬ ಕೂತು ಅರ್ಧಚಂದ್ರದ ಕತ್ತಿಯಲ್ಲಿ ತೊಗಲು ಕೊಯ್ತಿದ್ದಾನೆ, ಮತ್ತೊಬ್ಬ ಚಪ್ಪಲಿಗೆ ತೂತು ಹಾಕ್ತಿದ್ದಾನೆ. ಆ ಕತ್ತಿ ನಮ್ಮ ತಾತನ ರಂಪಿಗೆಯ ಅಣ್ಣನೋ ತಮ್ಮನೋ ಅನ್ನುವ ಹಾಗಿತ್ತು. ಮೂರು ಸಾವಿರದ ನಾಲ್ಕುನೂರು ವರ್ಷದ ಹಿಂದಿನ ಚಿತ್ರ. ನಮ್ಮ ಯಾವ ದೇವಸ್ಥಾನದ ಗೋಡೆ ಮೇಲೆ ಚಪ್ಪಲಿ ಹೊಲಿಯೋನನ್ನು ಇಷ್ಟು ಗಮನ ಕೊಟ್ಟು ಕೆತ್ತಿದ್ದಾರೆ? ನಾನಂತೂ ನೋಡಿಲ್ಲ. ನೋಡಿದವರು ತಿಳಿಸಿ.

ಆ ಚಪ್ಪಲಿ ಯಾರ ಕಾಲಿಗೆ ಅನ್ನೋದೂ ನೋಡಬೇಕಲ್ಲ. ತುತಾಂಖಾಮುನ್ ಸಮಾಧಿಯಲ್ಲಿ ಸಿಕ್ಕ ಒಂದು ಜೋಡಿ ಚಪ್ಪಲಿಯ ಅಟ್ಟೆ ಮೇಲೆ, ಅಂದ್ರೆ ಪಾದ ಊರುವ ಜಾಗದಲ್ಲಿ, ಕೈಕಟ್ಟಿದ ನೂಬಿಯಾದವನ ಮತ್ತು ಏಷ್ಯಾದವನ ಚಿತ್ರ ಇದೆ. ರಾಜ ಹೆಜ್ಜೆ ಹಾಕಿದಾಗೆಲ್ಲ ಅವರನ್ನು ತುಳೀಬೇಕು ಅನ್ನೋ ಏರ್ಪಾಡು. ಮೇಲು ಕೀಳು ಇರಲಿಲ್ಲ ಅಂತ ಯಾರು ಹೇಳಿದ್ರು? ಇತ್ತು. ಕ್ರೂರವಾಗೇ ಇತ್ತು.

ಈಗ ಡೇರ್ ಎಲ್ ಮದೀನಾಕ್ಕೆ ಬನ್ನಿ. ಟೂರಿನವರು ಇಲ್ಲಿಗೆ ಕರ್ಕೊಂಡು ಹೋಗೋದೇ ಕಮ್ಮಿ. ರಾಜರ ಸಮಾಧಿ ಕೊರೆದವರ ಊರು ಇದು. ಸುತ್ತ ಗೋಡೆ, ಒಳಗೆ ಅರವತ್ತೆಂಟು ಮನೆ, ಮಧ್ಯೆ ಒಂದೇ ಓಣಿ. ಊರಲ್ಲಿ ನೀರಿಲ್ಲ. ನೀರು ಹೊರೋರು ಕತ್ತೆ ಮೇಲೆ ದಿನಾ ತರಬೇಕು. ಬಟ್ಟೆ ಒಗೆಯೋರು, ಸೌದೆ ತರೋರು, ಮೀನು ತರೋರು ಬೇರೆ. ಸಂಬಳ ದುಡ್ಡಲ್ಲ, ಗೋಧಿ ಮತ್ತು ಬಾರ್ಲಿ.

ಮೂರನೇ ರಾಮ್ಸೆಸ್ ರಾಜನ ಇಪ್ಪತ್ತೊಂಬತ್ತನೇ ವರ್ಷ, ಅಂದಾಜು ಕ್ರಿ.ಪೂ. 1155. ಕಾಳು ಬರಲಿಲ್ಲ. ಕೆಲಸಗಾರರು ಉಳಿ ಸುತ್ತಿಗೆ ಕೆಳಗಿಟ್ಟರು. ಕಾವಲು ಗೋಡೆ ದಾಟಿ ಬಂದು ಮೂರನೇ ತುತ್ಮೋಸನ ಗುಡಿಯ ಹಿಂದೆ ಕೂತರು. ಸಮಾಧಾನ ಮಾಡಿದರೂ ಏಳಲಿಲ್ಲ. ಮುಂದಿನ ದಿನಗಳಲ್ಲಿ ಎರಡನೇ ರಾಮ್ಸೆಸನ ಗುಡಿಗೆ ನುಗ್ಗಿದರು. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನು ಇಲ್ಲ, ತರಕಾರಿ ಇಲ್ಲ, ರಾಜನಿಗೆ ಬರೆದು ತಿಳಿಸಿ ಅಂತ ಹೇಳಿದರು. ಬಾಕಿ ಕಾಳು ಬಂತು. ಮತ್ತೆ ನಿಂತಿತು, ಮತ್ತೆ ಕೂತರು. ಇಷ್ಟನ್ನೂ ಆಗಿನ ಲಿಪಿಕಾರನೇ ಬರೆದಿಟ್ಟಿದ್ದಾನೆ. ಆ ಹಾಳೆ ಇವತ್ತು ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ. ಬರವಣಿಗೆಯಲ್ಲಿ ಉಳಿದಿರುವ ಜಗತ್ತಿನ ಮೊದಲ ಮುಷ್ಕರ ಅಂತ ಇದನ್ನು ಕರೀತಾರೆ. ಅದೇ ರಾಜ ಅಲ್ಲೇ ಹತ್ತಿರದಲ್ಲಿ ಕಟ್ಟಿಸಿದ ಮೆದಿನೆತ್ ಹಬು ಗುಡಿಯ ಹೊರಗೋಡೆಯಲ್ಲಿ ದೇವರಿಗೆ ದಿನಾ ಎಷ್ಟು ರೊಟ್ಟಿ, ಎಷ್ಟು ಮಡಕೆ ಬಿಯರ್ ಅಂತ ಪಟ್ಟಿ ಕೆತ್ತಿದೆ. ದೇವರ ರೊಟ್ಟಿಯ ಲೆಕ್ಕ ಕಲ್ಲಲ್ಲಿ. ಕೆಲಸಗಾರರ ಹಸಿವಿನ ಲೆಕ್ಕ ಹರಿದ ಹಾಳೆಯಲ್ಲಿ. ಎರಡೂ ಉಳಿದಿದ್ದರಿಂದ ಇವತ್ತು ಜೋಡಿಸಿ ಓದೋಕೆ ಆಗ್ತಿದೆ.

ಇನ್ನೊಂದು ದಾಖಲೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಲ್ಲಿನ ಚಕ್ಕೆ ಮೇಲೆ ಬರೆದ ಹಾಜರಿ ಪುಸ್ತಕ, ಎರಡನೇ ರಾಮ್ಸೆಸನ ನಲವತ್ತನೇ ವರ್ಷದ್ದು. ನಲವತ್ತು ಕೆಲಸಗಾರರ ಹೆಸರು, ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ. ಒಬ್ಬನಿಗೆ ಚೇಳು ಕಡಿದಿದೆ. ಒಬ್ಬನಿಗೆ ಕಣ್ಣು ನೋವು. ಒಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತಲು ಹೋಗಿದ್ದಾನೆ. ಒಬ್ಬ ಬಿಯರ್ ಕಾಯಿಸ್ತಿದ್ದಾನೆ. ಇನ್ನೊಬ್ಬನ ಮನೆಯಲ್ಲಿ ಹೆಂಗಸರು ಮುಟ್ಟಾಗಿದ್ದಾರೆ. ಇವತ್ತು ನಮ್ಮ ಊರುಗಳಲ್ಲಿ ಗುತ್ತಿಗೆಯ ಪೌರಕಾರ್ಮಿಕರು ತಾಯಿ ಸತ್ತಾಗ ರಜೆ ಕೇಳೋಕೆ ಎಷ್ಟು ಹೆದರ್ತಾರೆ ಅಂತ ನಿಮಗೆ ಗೊತ್ತು.

ಇದೇ ಊರಿನ ಸೆನೆಜೆಮ್ ಅನ್ನೋ ಕೆಲಸಗಾರನ ಸಮಾಧಿ 1886ರಲ್ಲಿ ಸಿಕ್ಕಿತು. ಒಳಗೆ ಇಳಿದರೆ ಬಣ್ಣ ಇನ್ನೂ ಹೊಸದು. ಅವನೂ ಅವನ ಹೆಂಡತಿಯೂ ಬಿಳಿ ಬಟ್ಟೆ ಉಟ್ಟು ಪರಲೋಕದ ಹೊಲ ಉಳ್ತಿದ್ದಾರೆ, ತೆನೆ ಕೊಯ್ತಿದ್ದಾರೆ. ರಾಜರ ಸಮಾಧಿಯಲ್ಲಿರುವ ಒಸೈರಿಸ್, ಅನುಬಿಸ್ ಇಲ್ಲೂ ಇದ್ದಾರೆ. ಹಗಲು ರಾಜನ ಸಮಾಧಿ ಕೊರೆದವನು ಬಿಡುವಿನಲ್ಲಿ ತನ್ನದನ್ನೂ ಕೊರೆದುಕೊಂಡ. ಯಾರೂ ತಡೆಯಲಿಲ್ಲ. ನಮ್ಮಲ್ಲಿ ಎಷ್ಟು ಹಳ್ಳಿಗಳಲ್ಲಿ ಹೂಳೋಕೆ ಆರಡಿ ಮೂರಡಿ ಜಾಗ ಕೊಡಿ ಅಂತ ತಹಶೀಲ್ದಾರ್ ಕಚೇರಿ ಮುಂದೆ ಹೆಣ ಇಟ್ಟುಕೊಂಡು ಕೂರಬೇಕಾಗಿದೆ!

ಲಕ್ಸರ್ ಬಿಟ್ಟು ಹಡಗು ಹೊರಟಾಗ ಖೆಟಿ ಅನ್ನೋ ಅಪ್ಪ ನೆನಪಾದ. ನಾಲ್ಕು ಸಾವಿರ ವರ್ಷದ ಹತ್ತಿರದ ಒಂದು ಬೋಧನೆಯ ಪಠ್ಯ ಇದೆ. ಖೆಟಿ ತನ್ನ ಮಗ ಪೆಪಿಯನ್ನು ಓದುಬರಹದ ಶಾಲೆಗೆ ಸೇರಿಸೋಕೆ ದೋಣಿಯಲ್ಲಿ, ನಮ್ಮ ಹಾಗೇ ನೈಲ್‌ನ ಎದುರು ಹರಿವಿನಲ್ಲಿ, ಹೋಗ್ತಾ ಬುದ್ಧಿ ಹೇಳ್ತಾನೆ. ಲಿಪಿಕಾರನ ಕೆಲಸ ಒಂದೇ ಒಳ್ಳೇದು, ಉಳಿದಿದ್ದೆಲ್ಲ ನರಕ ಅಂತ. ಕಂಚುಗಾರನ ಮೈ ಮೀನಿಗಿಂತ ನಾರುತ್ತೆ. ಕುಂಬಾರ ಹಂದಿ ಥರ ಮಣ್ಣಲ್ಲಿ ಹೊರಳ್ತಾನೆ. ಅಗಸ ಮೊಸಳೆ ಪಕ್ಕ ಬಟ್ಟೆ ಒಗೀತಾನೆ. ಚಪ್ಪಲಿ ಮಾಡೋನು ಸತ್ತ ಪ್ರಾಣಿಗಳ ನಡುವೆ ಬದುಕ್ತಾನೆ. ಹೀಗೆ ಒಬ್ಬೊಬ್ಬರದೂ ಆಡಿಕೊಳ್ತಾನೆ. ಶಾಲೆ ಹುಡುಗರು ಇದನ್ನೇ ನಕಲು ಬರೆದು ಅಕ್ಷರ ಕಲಿತರು. ಡೇರ್ ಎಲ್ ಮದೀನಾದ ತಿಪ್ಪೆಯಲ್ಲೂ ಇದರ ಚೂರುಗಳು ರಾಶಿ ಸಿಕ್ಕಿವೆ.

ಓದುವಾಗ ಮೈ ಉರಿಯುತ್ತೆ. ಬರೆಯೋನ ಕೈಗೆ ಲೇಖನಿ ಸಿಕ್ಕ ಕೂಡಲೇ ಅದು ಕೆಲಸ ಮಾಡೋನ ವಾಸನೆ ಬಗ್ಗೆ ಬರೀತು. ಇದು ನಮಗೆ ಚೆನ್ನಾಗಿ ಗೊತ್ತಿರೋ ಕಥೆ. ಆದರೆ ಇನ್ನೊಂದು ಕಡೆಯೂ ಇದೆ. ಆ ಅಪ್ಪ ಮಗನಿಗೆ ಹೇಳಿದ್ದು "ಓದು, ಈ ಕೆಲಸಗಳಿಂದ ತಪ್ಪಿಸ್ಕೊ" ಅಂತ. ಅಂದ್ರೆ ಓದಿ ತಪ್ಪಿಸಿಕೊಳ್ಳುವ ಬಾಗಿಲು ಇತ್ತು. ಚಿಕ್ಕದು, ಎಲ್ಲರಿಗೂ ಅಲ್ಲ, ಅಪ್ಪನ ಕೆಲಸ ಮಗನಿಗೆ ಬರೋದೇ ಅಲ್ಲೂ ರೂಢಿ. ಆದರೆ ಓದೋದು ಇಂಥವನಿಗೆ ಪಾಪ ಅನ್ನೋ ಶಾಸ್ತ್ರ ಇರಲಿಲ್ಲ.

ಮೂರನೇ ದಿನ ಕೋಮ್ ಓಂಬೋ. ನದಿ ದಂಡೆಯ ಮೇಲೇ ಗುಡಿ. ಮೊಸಳೆ ದೇವರು ಸೊಬೆಕ್‌ಗೆ ಅರ್ಧ, ಗಿಡುಗ ದೇವರು ಹರೋಯೆರಿಸ್‌ಗೆ ಅರ್ಧ. ಗ್ರೀಕ್ ಮೂಲದ ಟಾಲೆಮಿ ರಾಜರ ಕಾಲದ್ದು. ಈಜಿಪ್ಟಿನ ಗುಡಿಗಳ ವಿನ್ಯಾಸ ನೋಡಿದರೆ ನಮ್ಮವರಿಗೆ ಕೂಡಲೇ ಅರ್ಥವಾಗುತ್ತೆ. ಮುಂದೆ ದೊಡ್ಡ ದ್ವಾರ, ಬಿಸಿಲಿನ ಅಂಗಳ, ಆಮೇಲೆ ಕಂಬಗಳ ಮಂಟಪ, ಒಳಗೆ ಹೋದಂತೆ ನೆಲ ಏರುತ್ತೆ, ಸೂರು ತಗ್ಗುತ್ತೆ, ಕತ್ತಲಾಗುತ್ತೆ, ಕೊನೆಗೆ ಗರ್ಭಗುಡಿ. ಪೂಜಾರಿಗಳು ಮೈಕೂದಲು ಪೂರ್ತಿ ಬೋಳಿಸಿ, ದಿನಕ್ಕೆ ಹಲವು ಸಲ ಮಿಂದು, ಮಡಿಯಲ್ಲಿ ಒಳಗೆ ಹೋಗಬೇಕು. ಸಾಮಾನ್ಯ ಜನ ಹಬ್ಬದ ದಿನ ಹೊರ ಅಂಗಳದವರೆಗೆ, ಅಷ್ಟೆ. ಸಾಮಾನ್ಯ ಜನರನ್ನು ಗುಡಿ ಗೋಡೆಗಳಲ್ಲಿ ಟಿಟ್ಟಿಭ ಹಕ್ಕಿಯ ರೂಪದಲ್ಲಿ ಕೆತ್ತಿದ್ದಾರೆ, ಕೈ ಎತ್ತಿ ನಮಸ್ಕಾರ ಮಾಡುವ ಹಕ್ಕಿ.

ಒಳಗೆ ಬಿಡದ ಜನ ಏನು ಮಾಡ್ತಿದ್ರು? ಗೈಡ್ ನಮ್ಮನ್ನು ಹಿಂದಿನ ಗೋಡೆಗೆ ಕರ್ಕೊಂಡು ಹೋದ. ಅಲ್ಲಿ ಕಲ್ಲಿನಲ್ಲಿ ಕಿವಿಗಳನ್ನು ಕೆತ್ತಿದ್ದಾರೆ. ಮನುಷ್ಯನ ಕಿವಿಗಳು. ಗರ್ಭಗುಡಿಯ ಬೆನ್ನಿಗೆ, ಹೊರಗಡೆ. ಒಳಗೆ ಬರಲಾಗದವರು ಇಲ್ಲಿ ನಿಂತು ಹೇಳಿಕೊಳ್ಳಲಿ, ದೇವರು ಕೇಳಿಸಿಕೊಳ್ತಾನೆ ಅಂತ. ಕಾರ್ನಾಕ್‌ನಲ್ಲೂ ಹಿಂಭಾಗದಲ್ಲಿ ಹೀಗೇ ಅಹವಾಲು ಕೇಳುವ ದೇವರ ಚಿಕ್ಕ ಗುಡಿ ಇದೆ.

ಉಡುಪಿಯ ಕನಕನ ಕಿಂಡಿ ನೆನಪಾಗದೆ ಇರುತ್ತಾ? ಅಲ್ಲೂ ಹಿಂದಿನ ಗೋಡೆ, ಇಲ್ಲೂ ಹಿಂದಿನ ಗೋಡೆ. ಕನಕದಾಸರಿಗಾಗಿ ದೇವರೇ ತಿರುಗಿದ ಅಂತ ನಮ್ಮಲ್ಲಿ ಐತಿಹ್ಯ. ತಿರುಗಿದ್ದು ದೇವರು, ಬಾಗಿಲು ತೆರೆದವರು ಯಾರೂ ಇಲ್ಲ! ಹಡಗಿನ ಹಿರಿಯರು ತಕ್ಷಣ ಅಂದರು, "ನೋಡಿ ಮತ್ತೆ, ಎಲ್ಲ ಕಡೆ ಒಂದೇ." ನಾನು ಅವರಿಗೆ ಹೇಳಿದೆ: ಸಾರ್, ಅಲ್ಲಿಯವರು ಹೊರಗೆ ನಿಂತವನ ಮಾತು ಕೇಳಲಿ ಅಂತ ದೇವರಿಗೆ ಕಿವಿ ಕೆತ್ತಿದರು. ನಮ್ಮ ಗೌತಮ ಧರ್ಮಸೂತ್ರ ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕರಗಿದ ಸೀಸ ಹೊಯ್ಯಿ ಅಂತ ವಿಧಿಸಿತು. ಎರಡೂ ಕಿವಿಯ ಕಥೆಯೇ. ಒಂದೇ ಕಥೆ ಅಲ್ಲ.

ಹಾಗಂತ ಈಜಿಪ್ಟನ್ನು ಸ್ವರ್ಗ ಮಾಡೋದು ಬೇಡ. ಕ್ರಿ.ಪೂ. ಐದನೇ ಶತಮಾನದಲ್ಲಿ ಅಲ್ಲಿಗೆ ಬಂದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ವಿಷಯ ದಾಖಲಿಸಿದ್ದಾನೆ. ಹಂದಿ ಸಾಕುವವರು ಈಜಿಪ್ಟಿನವರೇ ಆದರೂ ಯಾವ ಗುಡಿಗೂ ಅವರಿಗೆ ಪ್ರವೇಶ ಇಲ್ಲ. ಅವರಿಗೆ ಯಾರೂ ಹೆಣ್ಣು ಕೊಡಲ್ಲ, ಅವರಿಂದ ತರಲ್ಲ. ಹೊರಗಿನವನು ಕಂಡಿದ್ದು, ಕೇಳಿದ್ದು ಸೇರಿಸಿ ಬರೆದ ಮಾತು, ಪೂರ್ತಿ ನಂಬೋಕಾಗಲ್ಲ. ಅದಕ್ಕೂ ಎಂಟುನೂರು ಒಂಬೈನೂರು ವರ್ಷ ಮೊದಲಿನ ಅಮರ್ನಾದ ಕೆಲಸಗಾರರ ಹಟ್ಟಿಯಲ್ಲಿ ಹಂದಿ ಗೂಡುಗಳೇ ಸಿಕ್ಕಿವೆ, ಜನ ತಿಂತಿದ್ರು. ಆದರೂ ಗುಡಿ ಮತ್ತು ಮದುವೆ, ಈ ಎರಡು ಬಾಗಿಲು ಮುಚ್ಚಿದರೆ ಒಂದು ಸಮುದಾಯ ಹೊರಗಾಗುತ್ತೆ ಅನ್ನೋದನ್ನು ಓದಿದಾಗ ನಮಗೆ ವಿವರಣೆ ಬೇಕಾಗಲ್ಲ.

ಇವತ್ತಿನ ಕೈರೋದಲ್ಲಿ ಕಸ ಎತ್ತುವವರನ್ನು ಜಬ್ಬಾಲೀನ್ ಅಂತಾರೆ. ಬಹುಪಾಲು ಕಾಪ್ಟಿಕ್ ಕ್ರೈಸ್ತರು. ಮನೆಮನೆಯ ಕಸ ತಂದು ಬೇರ್ಪಡಿಸಿ, ಕೊಳೆಯೋದನ್ನು ಹಂದಿಗಳಿಗೆ ಹಾಕೋರು. 2009ರಲ್ಲಿ ಹಂದಿಜ್ವರದ ಹೆದರಿಕೆಯಲ್ಲಿ ಸರ್ಕಾರ ದೇಶದ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಲು ಆದೇಶಿಸಿತು. ರೋಗ ಹಂದಿಯಿಂದ ಹರಡ್ತಿಲ್ಲ ಅಂತ ತಜ್ಞರು ಹೇಳಿದರೂ ಕೇಳಲಿಲ್ಲ. ಆಮೇಲೆ ಬೀದಿಯಲ್ಲಿ ಕಸ ಕೊಳೆತು ನಾರಿತು. ಇದಕ್ಕೂ ಹೆರೊಡೋಟಸ್ ಹೇಳಿದ ಜನಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಕಸ ಎತ್ತುವವರ ಬದುಕನ್ನು ಅವರನ್ನು ಕೇಳದೆ ನಿರ್ಧಾರ ಮಾಡೋ ಚಾಳಿ ಎರಡೂ ದೇಶದಲ್ಲಿದೆ ಅಂತ ಮಾತ್ರ ಹೇಳ್ತಿದೀನಿ.

ಕೊನೆಗೆ ಅಸ್ವಾನ್. ಫೈಲೆ ದ್ವೀಪದ ಐಸಿಸ್ ಗುಡಿ, ಅಲ್ಲಿಂದ ಬಸ್ಸಲ್ಲಿ ಅಬು ಸಿಂಬೆಲ್. ಎರಡೂ ಇವತ್ತು ಮೊದಲಿದ್ದ ಜಾಗದಲ್ಲಿಲ್ಲ. 1960ರಲ್ಲಿ ಅಸ್ವಾನ್ ಹೈ ಡ್ಯಾಮ್ ಕೆಲಸ ಶುರುವಾಯ್ತು. ಗುಡಿಗಳು ಮುಳುಗ್ತವೆ ಅಂತ ಯುನೆಸ್ಕೋ ಜಗತ್ತಿಗೆಲ್ಲ ಕರೆ ಕೊಟ್ಟಿತು. 1964ರಿಂದ 68ರ ಒಳಗೆ ಅಬು ಸಿಂಬೆಲ್ ಗುಡಿಯನ್ನು ಸಾವಿರಕ್ಕೂ ಹೆಚ್ಚು ತುಂಡು ಮಾಡಿ, ಪ್ರತಿ ತುಂಡಿಗೂ ನಂಬರ್ ಹಾಕಿ, ಅರವತ್ತೈದು ಮೀಟರ್ ಎತ್ತರದಲ್ಲಿ ಮತ್ತೆ ಜೋಡಿಸಿದರು. ನಮ್ಮ ಭಾರತದ ಪುರಾತತ್ವ ಇಲಾಖೆಯವರೂ ಆಗ ನೂಬಿಯಾಕ್ಕೆ ಹೋಗಿ ಉತ್ಖನನ ಮಾಡಿದ್ದಾರೆ. ಅದ್ಭುತ ಕೆಲಸ. ಆ ಗುಡಿ ಉಳಿದಿದ್ದಕ್ಕೆ ನನಗೂ ಖುಷಿ.

ಆದರೆ ಅದೇ ನೀರಿಗೆ ನೂಬಿಯನ್ನರ ಊರುಗಳು ಮುಳುಗಿದವು. ಕಪ್ಪು ಮೈಬಣ್ಣದ, ತಮ್ಮದೇ ಭಾಷೆಯ, ನದಿಯನ್ನೇ ನಂಬಿದ ಜನ. ಈಜಿಪ್ಟಿನ ಕಡೆಯಲ್ಲೇ ಸುಮಾರು ಐವತ್ತು ಸಾವಿರ ಜನರನ್ನು 1963-64ರಲ್ಲಿ ಎತ್ತಿ ತಂದು ಕೋಮ್ ಓಂಬೋ ಹತ್ತಿರ ಇಳಿಸಿದರು. ನದಿಯಿಂದ ದೂರ, ಸಾಲು ಸಾಲು ಇಕ್ಕಟ್ಟಿನ ಮನೆ. ಎಷ್ಟೋ ಮನೆ ಇನ್ನೂ ಮುಗಿದೇ ಇರಲಿಲ್ಲ. ಹೊಸ ಜಾಗದ ಮೊದಲ ದಿನಗಳಲ್ಲೇ ಕೂಸುಗಳು, ಮುದುಕರು ಸತ್ತರು. ಅದಕ್ಕೂ ಮೊದಲು 1902ರ ಹಳೇ ಡ್ಯಾಮ್ ಕಟ್ಟಿದಾಗ, ಅದನ್ನು 1912ರಲ್ಲಿ, 1933ರಲ್ಲಿ ಎತ್ತರಿಸಿದಾಗಲೂ ಇವರದೇ ಊರು ಮುಳುಗಿತ್ತು. 2014ರ ಈಜಿಪ್ಟ್ ಸಂವಿಧಾನದ 236ನೇ ವಿಧಿ, ಹತ್ತು ವರ್ಷದೊಳಗೆ ಇವರನ್ನು ಮೂಲ ಪ್ರದೇಶಕ್ಕೆ ಮರಳಿಸುವ ಯೋಜನೆ ಮಾಡ್ತೀವಿ ಅಂದಿತು. ಹತ್ತು ವರ್ಷ ಕಳೆದಿದೆ.

ಕಿವಿ ಕೆತ್ತಿದ ಗುಡಿಯ ಹತ್ತಿರದಲ್ಲೇ ಈ ಜನ ಇದ್ದಾರೆ. ಹಡಗುಗಳು ದಿನಾ ನಿಲ್ತವೆ. ಕಿವಿ ತೋರಿಸ್ತಾರೆ, ಈ ಊರು ತೋರಿಸಲ್ಲ.

ಲಕ್ಸರ್‌ನಲ್ಲೂ ಹಾಗೇ. ಕುರ್ನಾ ಗುಡ್ಡದಲ್ಲಿ ಸಮಾಧಿಗಳ ಮೇಲೆ ತಲೆತಲಾಂತರದಿಂದ ಇದ್ದ ಮನೆಗಳನ್ನು 2006ರ ಕೊನೆಯಿಂದ ಬುಲ್ಡೋಜರ್ ಹಚ್ಚಿ ಕೆಡವಿದರು. ಈಗ ಅಲ್ಲಿ ಗುಡ್ಡ ಬೋಳು, ಫೋಟೋಗೆ ಚೆಂದ. ನಮ್ಮ ಹಂಪಿ ಬಜಾರಿನಲ್ಲಿ 2011ರ ಜುಲೈನಲ್ಲಿ ಆಗಿದ್ದೂ ಇದೇ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಕೂಡಲಸಂಗಮದ ಐಕ್ಯ ಮಂಟಪದ ಸುತ್ತ ಬಾವಿಯ ಥರ ಗೋಡೆ ಕಟ್ಟಿ ಉಳಿಸಿದ್ದು ಸರಿಯಾದ ಕೆಲಸ. ಹಳ್ಳಿಗಳ ಕೇರಿಗಳಿಗೆ ಆ ಗೋಡೆ ಯಾರೂ ಕಟ್ಟಲಿಲ್ಲ. ಹೊಲ ಇದ್ದವನಿಗೆ ಹೊಲದ ಪರಿಹಾರ ಅಂತಾದರೂ ಇತ್ತು. ಹೊಲವೇ ಇಲ್ಲದೆ ಕೂಲಿ ಮಾಡಿದವನು ಏನು ಕಳಕೊಂಡ ಅಂತ ಬರೆಯೋಕೆ ಅರ್ಜಿಯಲ್ಲಿ ಕಾಲಂ ಇರಲ್ಲ.

ಈಗ ಪ್ರಶ್ನೆಗೆ ಬರ್ತೀನಿ. ಈಜಿಪ್ಟ್‌ನಲ್ಲೂ ಜಾತಿ ಇತ್ತಾ?

ದರ್ಪ ಇತ್ತು. ಬಿಟ್ಟಿ ಚಾಕರಿ ಇತ್ತು. ದುಡಿಯೋನ ವಾಸನೆ ಬಗ್ಗೆ ಅಸಹ್ಯ ಇತ್ತು. ಗುಡಿಯ ಬಾಗಿಲು ಮುಚ್ಚಿತ್ತು. ಇದೆಲ್ಲ ಜಗತ್ತಿನ ಎಷ್ಟೋ ಕಡೆ ಇತ್ತು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬಿಡಿಸಿ ಹೇಳಿದ್ದು ಇದೇ ವ್ಯತ್ಯಾಸ: ಕೆಲಸ ಹಂಚಿಕೊಳ್ಳೋದು ಬೇರೆ, ಕೆಲಸಗಾರರನ್ನೇ ಹುಟ್ಟಿನಿಂದ ಒಬ್ಬರ ಮೇಲೊಬ್ಬರಂತೆ ಜೋಡಿಸಿ ಗೋಡೆ ಕಟ್ಟೋದು ಬೇರೆ. ಫೇರೋಗಳ ರಾಜ್ಯ ಬಿದ್ದಾಗ ಅವರ ದರ್ಜೆಗಳೂ ಬಿದ್ದವು. ರೇಖ್ಮಿರೆ ಗೋಡೆಯ ಚಪ್ಪಲಿ ಹೊಲಿಯೋನ ಮೊಮ್ಮಕ್ಕಳು ಯಾರು ಅಂತ ಇವತ್ತು ಲಕ್ಸರ್‌ನಲ್ಲಿ ಯಾರಿಗೂ ಗೊತ್ತಿಲ್ಲ. ಅವರೂ ಮಂತ್ರಿಯ ಮೊಮ್ಮಕ್ಕಳೂ ಬೆರೆತು ಒಂದಾಗಿ ಎಷ್ಟೋ ಕಾಲ ಆಯ್ತು. ನಮ್ಮಲ್ಲಿ ಮೌರ್ಯರು ಹೋದರು, ಹೊಯ್ಸಳರು ಹೋದರು, ವಿಜಯನಗರ ಹೋಯ್ತು, ಬ್ರಿಟಿಷರು ಹೋದರು. ರಂಪಿಗೆ ಹಿಡಿದವನ ಮೊಮ್ಮಗ ಯಾರು ಅಂತ ಊರಿಗೆಲ್ಲ ಇವತ್ತೂ ಗೊತ್ತು. ಬಾಡಿಗೆ ಮನೆ ಕೇಳೋಕೆ ಹೋದರೆ ಅದನ್ನೇ ಮೊದಲು ಕೇಳ್ತಾರೆ.

"ಎಲ್ಲ ಕಡೆ ಇತ್ತು" ಅನ್ನೋ ಸಮಾಧಾನದ ಉದ್ದೇಶ ಒಂದೇ, ಇಲ್ಲಿ ಏನೂ ಮಾಡಬೇಕಾಗಿಲ್ಲ ಅಂತ ಹೇಳೋದು. ನಾನು ನೋಡಿ ಬಂದಿದ್ದರ ಅರ್ಥ ಅದಕ್ಕೆ ಉಲ್ಟಾ. ಸಾವಿರಾರು ವರ್ಷ ಕಲ್ಲಲ್ಲಿ ಕೆತ್ತಿದ ದರ್ಜೆಯೂ ಅಳಿಸಿಹೋಗುತ್ತೆ. ನಮ್ಮದೂ ಅಳಿಸಬಹುದು.

ಓದುವ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳ್ತೀನಿ. ಡೇರ್ ಎಲ್ ಮದೀನಾದ ಇತಿಹಾಸ ಸಿಕ್ಕಿದ್ದು ರಾಜರ ಶಾಸನದಿಂದಲ್ಲ. ಕಸಕ್ಕೆ ಎಸೆದ ಮಡಕೆ ಚೂರು, ಕಲ್ಲಿನ ಚಕ್ಕೆಗಳಿಂದ. ಸಾಲದ ಚೀಟಿ, ಹಾಜರಿ, ಜಗಳ, ಪ್ರೇಮ, ಎಲ್ಲ ಅದರ ಮೇಲಿದೆ. ನಮ್ಮ ಕೇರಿಗಳಲ್ಲಿ ಅಂಥ ಚೂರುಗಳು ಅಜ್ಜಿಯರ ಬಾಯಲ್ಲಿವೆ. ಯಾವ ಬಾವಿ ಯಾರು ತೋಡಿದರು, ಯಾವ ಕೆರೆಗೆ ಎಷ್ಟು ಜನ ಮಣ್ಣು ಹೊತ್ತರು, ಕೂಲಿ ಕೊಡದಿದ್ದಾಗ ಯಾರು ಮೊದಲು ಗುದ್ದಲಿ ಕೆಳಗಿಟ್ಟರು ಅಂತ ಕೂತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಹೆಸರು, ಊರು, ವರ್ಷ ಹಾಕಿ ಬರೆದಿಡಿ. ನಮ್ಮ ಹಾಜರಿ ಪುಸ್ತಕ ನಾವೇ ಬರೀಬೇಕು.

ಒಪ್ಪದಿದ್ದವರು ಕಾಮೆಂಟ್‌ನಲ್ಲಿ ವಾದ ಮಾಡಿ, ಬೈಗುಳ ಬೇಡ. ಶೇರ್ ಮಾಡೋರು ಹೆಸರು ತೆಗೆದೂ ಮಾಡಬಹುದು.

ಜೈ ಭೀಮ್.